ಹಲ್ಲಿನ ಡಾಕ್ಟರಿಗೆ ಮೀನಿನ ಪಾಟೀಸವಾಲು

ಹೆಂಡತಿ: ಮೀನು ಯಾವ್ದಾದ್ರೆ ನಿಮಗೇನ್ರೀ? ನಾವು ಬಂದಿರೋದು ಹಲ್ಲು ಕೀಳಿಸೋಕೆ!

ವಕೀಲರು: ಅದಕ್ಕೇ ಹೇಳ್ತಿರೋದು ಕಣೇ. ತೊಟ್ಟಿ ಮೇಲೆ ಚೀಟಿ ಅಂಟಿಸಿದ್ದಾರೆ, ಓದು. ‘ನಿಯಾನ್ ಟೆಟ್ರಾ’. ಒಳಗಿರೋದು ಆ ಮೀನೇ ಅಲ್ಲ.

ಹೆಂಡತಿ: ಆ ಮೀನಿಗೇ ಇಲ್ಲದ ಬೇಜಾರು ನಿಮಗ್ಯಾಕೆ?

ವಕೀಲರು: ದಿನಾ ಕಣ್ಣೆದುರು ಇರೋ ಮೀನನ್ನೇ ಗುರುತು ಹಿಡೀದೆ ಇರೋ ಡಾಕ್ಟ್ರು, ಸಾಲಾಗಿ ನಿಂತಿರೋ ಹಲ್ಲುಗಳಲ್ಲಿ ಕೆಟ್ಟಿದ್ದು ಯಾವ್ದು ಅಂತ ಹೇಗೆ ಹಿಡೀತಾರೆ? ಪಕ್ಕದ್ದನ್ನ ಕಿತ್ತುಹಾಕಿದ್ರೆ ವಾಪಸ್ ನೆಡೋಕಾಗುತ್ತಾ?

ಕೋರ್ಟಿನಲ್ಲಿ ಈ ವಕೀಲರು ಬಾಯಿ ತೆರೆದರೆ ಎದುರು ಪಕ್ಷದವರ ಎದೆ ಡವಗುಟ್ಟುತ್ತಿತ್ತು. ಹಲ್ಲಿನ ಆಸ್ಪತ್ರೆಯಲ್ಲಿ ಬಾಯಿ ತೆರೆಯಬೇಕೆಂದರೆ ಡವಗುಟ್ಟುತ್ತಿದ್ದುದು ಅವರದೇ ಎದೆ. ಬಲಗೆನ್ನೆ ಊದಿಕೊಂಡು ಎಷ್ಟೋ ರಾತ್ರಿ ತಾವೂ ನಿದ್ದೆ ಮಾಡಿರಲಿಲ್ಲ, ಹೆಂಡತಿಗೂ ನಿದ್ದೆ ಮಾಡಲು ಬಿಟ್ಟಿರಲಿಲ್ಲ. ಆದರೂ ಇಕ್ಕಳ ನೆನಪಾದರೆ ಸಾಕು, ಬಂದ ದಾರಿಯಲ್ಲೇ ವಾಪಸ್ ಓಡಬೇಕೆನಿಸುತ್ತಿತ್ತು. ಭಯ ಎಂದು ಹೇಳಿಕೊಳ್ಳಲು ಮಾನ ಅಡ್ಡ ಬರುತ್ತಿತ್ತು. ಅಷ್ಟರಲ್ಲಿ ಕಾಯುವ ಕೋಣೆಯ ಮೂಲೆಯಲ್ಲಿ ಗಾಜಿನ ತೊಟ್ಟಿ, ಅದರೊಳಗೆ ಕಿರುಬೆರಳಿಗಿಂತ ಚಿಕ್ಕ ಮೀನುಗಳು, ಪಕ್ಕದ ಗೋಡೆಯ ಮೇಲೆ ಬಗೆಬಗೆಯ ಮೀನುಗಳ ಬಣ್ಣದ ಪಟ ಕಣ್ಣಿಗೆ ಬಿದ್ದವು. ವಕೀಲರಿಗೆ ಹೋದ ಜೀವ ಬಂದಂತಾಯಿತು.

ವಕೀಲರು: ಇಲ್ಲಿ ಬಾ, ಪಟ ನೋಡು. ಇದು ನಿಯಾನ್. ಕಣ್ಣಿಂದ ಹೊರಟು ಬೆನ್ನಿನ ಕಡೆ ಹೋಗೋ ನೀಲಿ ಗೆರೆ. ಅದರ ಕೆಳಗೆ ಕೆಂಪು. ಕೆಂಪು ಎಲ್ಲಿಂದ ಶುರು?

ಹೆಂಡತಿ: ಹೊಟ್ಟೆ ಮಧ್ಯದಿಂದ ಬಾಲದ ತನಕ.

ವಕೀಲರು: ಅಂದ್ರೆ ಅರ್ಧ. ಈಗ ತೊಟ್ಟಿ ನೋಡು.

ಹೆಂಡತಿ: ಒಂದ್ಕಡೆ ನಿಲ್ಲಲ್ವಲ್ರೀ ಇವು!

ವಕೀಲರು: ಸಾಕ್ಷಿಗಳು ಯಾವಾಗ್ಲೂ ಹಾಗೇ. ಆ ಗಿಡದ ಹತ್ರ ಇರೋದನ್ನ ನೋಡು.

ಹೆಂಡತಿ: ಕೆಂಪು... ಗಂಟಲ ಹತ್ರದಿಂದಾನೇ ಇದೆ. ಬಾಲದವರೆಗೂ ಪೂರ್ತಿ ಇದೆ.

ವಕೀಲರು: ಶಭಾಷ್! ನೀನೇ ನನ್ನ ಮುಖ್ಯ ಸಾಕ್ಷಿ.

ಹೆಂಡತಿ: ತಡೀರಿ. ಬೆನ್ನ ಮೇಲೆ, ಬಾಲಕ್ಕೆ ಹತ್ರ, ಒಂದು ಪುಟಾಣಿ ರೆಕ್ಕೆ ಇದೆ. ಪಟದ ಮೀನಿಗೂ ಇದೆ. ಎರಡೂ ಒಂದೇ ಆಯ್ತಲ್ಲ?

ವಕೀಲರು: ಆ ರೆಕ್ಕೆ ಅವರ ಮನೆತನದವರಿಗೆಲ್ಲ ಇದೆ, ಪಕ್ಕದ ಚಿತ್ರಗಳನ್ನೂ ನೋಡು. ನಿಂಗೂ ನಿಮ್ಮಕ್ಕಂಗೂ ಮೂಗು ಒಂದೇ ಥರ ಇದೆ ಅಂತ ಅವರನ್ನ ಮನೆಗೆ ಕರ್ಕೊಂಡು ಬಂದಿದ್ನಾ?

ಹೆಂಡತಿ: ಕರ್ಕೊಂಡು ಬಂದಿದ್ರೆ ಚೆನ್ನಾಗಿರ್ತಿತ್ತು. ನೀವು ನರಳೋಕೆ ಶುರು ಮಾಡಿದ ಮೊದಲ್ನೇ ರಾತ್ರೀನೇ ಹಲ್ಲು ಕಿತ್ತು ನಿಮ್ಮ ಕೈಗೆ ಕೊಡ್ತಿದ್ಲು.

ಒಳಗಿನ ಬಾಗಿಲು ತೆರೆಯಿತು. ಡಾಕ್ಟರಮ್ಮ ಕೈಗವಸು ಎಳೆದುಕೊಳ್ಳುತ್ತ ಹೊರಗೆ ಬಂದರು. ವಕೀಲರ ಕಣ್ಣು ಮೊದಲು ಹೋದದ್ದು ಅವರ ಕೈಗೆ. ಇಕ್ಕಳ ಇರಲಿಲ್ಲ.

ಡಾಕ್ಟರಮ್ಮ: ಬನ್ನಿ ವಕೀಲ್ರೇ. ಈಗ ಹೇಗಿದೆ?

ವಕೀಲರು: ಕೆಂಪಗಿದೆ ಡಾಕ್ಟ್ರೇ.

ಡಾಕ್ಟರಮ್ಮ: ಇನ್ನೂ ಕೆಂಪಗಿದೆಯಾ?

ವಕೀಲರು: ಅರ್ಧಕ್ಕೆ ನಿಲ್ಬೇಕಿತ್ತು. ಗಂಟಲವರೆಗೂ ಬಂದಿದೆ.

ಡಾಕ್ಟರಮ್ಮ: (ಗಾಬರಿಯಿಂದ) ಗಂಟಲವರೆಗಾ! ಯಾವಾಗಿಂದ?

ವಕೀಲರು: ನೀವು ತಂದು ಬಿಟ್ಟಾಗಿಂದ್ಲೂ ಹಾಗೇ ಇರ್ಬೇಕು.

ಡಾಕ್ಟರಮ್ಮ: ನಾನೇನು ತಂದುಬಿಟ್ಟೆ? ಹೋದ ಸಲ ಬಂದಾಗ ಕೊಟ್ಟಿದ್ದು ಮಾತ್ರೆ! ಸರಿಯಾಗಿ ತಗೊಂಡ್ರಾ ಇಲ್ವಾ?

ವಕೀಲರು: ನಾನು ಮಾತ್ರೆ ತಗೊಂಡ್ರೆ ಅವಕ್ಕೇನಾಗ್ಬೇಕು? ಅವುಗಳ ಪಾಡಿಗೆ ಅವು ಓಡಾಡ್ಕೊಂಡಿವೆ.

ಡಾಕ್ಟರಮ್ಮ: ಓಡಾಡ್ತಿವೆಯಾ? ಬಾಯೊಳಗಾ?

ಹೆಂಡತಿ: ಅಯ್ಯೋ, ಮೀನು ಡಾಕ್ಟ್ರೇ, ಮೀನು! ಇವರು ಹೇಳ್ತಿರೋದು ನಿಮ್ಮ ಮೀನಿನ ವಿಷ್ಯ!

ಡಾಕ್ಟರಮ್ಮ ಉಸಿರು ಬಿಟ್ಟರು. ಆದರೆ ವಿಷಯ ಪೂರ್ತಿ ತಿಳಿದ ಮೇಲೆ ಅವರ ಮುಖ ಗಂಟಿಕ್ಕಿತು. ತಮ್ಮ ರೋಗಿಗಳ ಹೆಸರನ್ನಾದರೂ ಮರೆತಾರು, ಮೀನಿನ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ಸಹಿಸುವವರಲ್ಲ.

ಡಾಕ್ಟರಮ್ಮ: ನಾನು ವರ್ಷಗಟ್ಟಲೆಯಿಂದ ಸಾಕ್ತಿದೀನಿ ವಕೀಲ್ರೇ. ಅದು ನಿಯಾನೇ.

ವಕೀಲರು: ಕೇಳಿದ್ದಕ್ಕೆ ಹೌದು ಅಥವಾ ಅಲ್ಲ ಅಂತ ಹೇಳಿ ಸಾಕು. ಪಟದ ನಿಯಾನ್‌ಗೆ ಕೆಂಪು ಅರ್ಧ. ಹೌದೋ ಅಲ್ವೋ?

ಡಾಕ್ಟರಮ್ಮ: ಹೌದು. ಆದ್ರೆ—

ವಕೀಲರು: ಆದ್ರೆ ಗೀದ್ರೆ ಬೇಡ. ನಿಮ್ಮ ಮೀನಿಗೆ ಪೂರ್ತಿ. ಹೌದೋ ಅಲ್ವೋ?

ಡಾಕ್ಟರಮ್ಮ: ನಾನು ಒಳ್ಳೇ ಆಹಾರ ಹಾಕ್ತೀನಿ ಕಣ್ರೀ! ಚೆನ್ನಾಗಿ ತಿಂದು ಬಣ್ಣ ಬಂದಿದೆ.

ವಕೀಲರು: ತಿಂದ್ರೆ ಹೊಟ್ಟೆ ದಪ್ಪ ಆಗುತ್ತೆ. ಗೆರೆ ಉದ್ದ ಆಗುತ್ತಾ?

ಹೆಂಡತಿ: (ಡಾಕ್ಟರಮ್ಮನ ಕಿವಿಯ ಬಳಿ) ಒಪ್ಕೊಂಡ್ಬಿಡಿ ಡಾಕ್ಟ್ರೇ. ಮದುವೆ ಆದಾಗಿಂದ ನಾನು ಅದನ್ನೇ ಮಾಡ್ತಿರೋದು. ಬೇಗ ಮುಗಿಯುತ್ತೆ.

ಡಾಕ್ಟರಮ್ಮ ಒಪ್ಪಲಿಲ್ಲ. ಕನ್ನಡಕ ಏರಿಸಿದರು, ತೊಟ್ಟಿಗೆ ಮೂಗು ತಾಗುವಷ್ಟು ಬಗ್ಗಿದರು, ಪಟ ನೋಡಿದರು, ಮತ್ತೆ ಬಗ್ಗಿದರು. ಪಟದಲ್ಲಿ ನಿಯಾನ್ ಪಕ್ಕದಲ್ಲೇ ಇನ್ನೊಂದು ಮೀನಿತ್ತು. ಅದೇ ನೀಲಿ, ಅದೇ ಪುಟ್ಟ ರೆಕ್ಕೆ, ಆದರೆ ಕೆಂಪು ಮಾತ್ರ ಈ ತುದಿಯಿಂದ ಆ ತುದಿಯವರೆಗೆ. ಕೆಳಗೆ ‘ಕಾರ್ಡಿನಲ್ ಟೆಟ್ರಾ’ ಎಂದಿತ್ತು.

ಡಾಕ್ಟರಮ್ಮ: ಸೋತೆ ವಕೀಲ್ರೇ. ಅಂಗಡಿಯವನು ನಿಯಾನ್ ಅಂದ. ನಾನು ಚೀಟಿ ಅಂಟಿಸಿದೆ. ಆಮೇಲೆ ಚೀಟಿ ನೋಡಿದ್ನೇ ಹೊರತು ಮೀನು ನೋಡ್ಲಿಲ್ಲ.

ವಕೀಲರು: ಹಾಗಾದ್ರೆ ನನ್ನ ಹಲ್ಲಿನ ವಿಷ್ಯದಲ್ಲೂ...

ಡಾಕ್ಟರಮ್ಮ: ಹಾಗೇ ಆಗಿರ್ಬಹುದು. ಅವತ್ತು ನೀವು ಬಾಯೇ ಬಿಡ್ಲಿಲ್ಲ. ಊತ ನೋಡಿ ‘ಕೀಳೋಣ’ ಅಂದ್ಬಿಟ್ಟೆ. ತೆಗೆಸ್ಕೊಂಡು ಬನ್ನಿ ಅಂದಿದ್ನಲ್ಲ, ಆ ಎಕ್ಸ್‌ರೇ ಎಲ್ಲಿ, ಕೊಡಿ ಇಲ್ಲಿ.

ಹೆಂಡತಿ ಚೀಲದಿಂದ ಎಕ್ಸ್‌ರೇ ತೆಗೆದುಕೊಟ್ಟಳು. ಡಾಕ್ಟರಮ್ಮ ಅದನ್ನು ತೊಟ್ಟಿಯ ದೀಪಕ್ಕೆ ಹಿಡಿದು ನೋಡಿದರು. ಗೆದ್ದ ಗುಂಗಿನಲ್ಲಿದ್ದ ವಕೀಲರು, ಕೇಳಿದ ಕೂಡಲೇ ಬಾಯನ್ನೂ ಅಗಲಿಸಿದರು.

ಡಾಕ್ಟರಮ್ಮ: ಬೇರು ಗಟ್ಟಿಯಾಗಿದೆ. ಈ ಹಲ್ಲು ಕೀಳಬಾರ್ದು ವಕೀಲ್ರೇ. ನೀವು ಹೇಳಿದ್ದೇ ಒಳ್ಳೇದಾಯ್ತು.

ವಕೀಲರಿಗೆ ಕುಣಿಯಬೇಕೆನಿಸಿತು. ಇಷ್ಟು ವರ್ಷದ ವಕಾಲತ್ತಿನಲ್ಲಿ ಇಂಥ ಗೆಲುವು ಕಂಡಿರಲಿಲ್ಲ.

ವಕೀಲರು: ಕೇಳಿಸ್ತೇನೇ? ಬರೀ ಮಾತಲ್ಲೇ ಹಲ್ಲು ಉಳಿಸ್ಕೊಂಡೆ! ನಡಿ ಮನೆಗೆ.

ಡಾಕ್ಟರಮ್ಮ: ಮನೆಗಾ? ಒಳಗೆ ಬನ್ನಿ. ಹಲ್ಲು ಉಳಿಸ್ಬೇಕಂದ್ರೆ ರೂಟ್ ಕೆನಾಲ್ ಮಾಡ್ಬೇಕು.

ವಕೀಲರು: ಹಾಗಂದ್ರೆ?

ಡಾಕ್ಟರಮ್ಮ: ಹಲ್ಲಿಗೆ ತೂತು ಕೊರೆದು, ಬೇರಿನ ಒಳಗೆ ಸಣ್ಣ ಸೂಜಿ ಇಳಿಸಿ, ಕೆಟ್ಟಿರೋದನ್ನೆಲ್ಲ ಕೆರೆದು ತೆಗೆಯೋದು.

ವಕೀಲರು: (ಗೋಡೆ ಹಿಡಿದುಕೊಂಡು) ಇವತ್ತೇ... ಮುಗಿದುಹೋಗುತ್ತಲ್ವಾ?

ಡಾಕ್ಟರಮ್ಮ: ಎಲ್ಲಿ ಮುಗಿಯುತ್ತೆ? ನಾಲ್ಕು ಸಲ ಬರ್ಬೇಕು. ಕಿತ್ತಿದ್ರೆ ಐದು ನಿಮಿಷದಲ್ಲಿ ಆಗ್ಹೋಗ್ತಿತ್ತು.

ಹೆಂಡತಿ: ಬರ್ತಾರೆ ಡಾಕ್ಟ್ರೇ! ನಾಲ್ಕು ಸಲಾನೂ ನಾನೇ ಎಳ್ಕೊಂಡು ಬರ್ತೀನಿ.

ನಗು ತಡೆಯಲಾರದೆ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ವಕೀಲರು ನಗಲಿಲ್ಲ. ಮೆಲ್ಲಗೆ ತೊಟ್ಟಿಯ ಬಳಿಗೆ ಹೋಗಿ, ಬಗ್ಗಿ, ಬಹಳ ಹೊತ್ತು ನೋಡಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡರು.

ವಕೀಲರು: ಡಾಕ್ಟ್ರೇ, ಆಗ ಬೆಳಕು ಸರಿ ಇರ್ಲಿಲ್ಲ ಅಂತ ಕಾಣುತ್ತೆ. ಈಗ ನೋಡಿದ್ರೆ ಕೆಂಪು ಅರ್ಧಾನೇ ಇದೆ. ನೀವು ಹೇಳಿದ್ದೇ ಸರಿ, ಇದು ನಿಯಾನೇ. ಕಿತ್ತುಬಿಡಿ.