ಮಂಚಕ್ಕೆ ಯಾವ ಬ್ಲೇಡು?

ಅಷ್ಟೂ ರಾಮಾಯಣಕ್ಕೆ ಕಾರಣ ಒಂದು ಬೀಟೆ ಮರದ ಮಂಚ. ಸುಧೀಂದ್ರ ಮೇಷ್ಟರಿಗೆ ಅತ್ತೆ ಪದ್ಮಮ್ಮನವರು ಮದುವೆಯಲ್ಲಿ ಕೊಟ್ಟದ್ದು. ತಲೆಯ ಕಡೆ ಎರಡು ನವಿಲು, ಕೆಳಗೆ ಕಂಬದಂಥ ನಾಲ್ಕು ಕಾಲು. ಚಿಂತಾಮಣಿಯಲ್ಲಿ ಹೊಸದಾಗಿ ಬಾಡಿಗೆಗೆ ಹಿಡಿದ ಪುಟ್ಟಸ್ವಾಮಯ್ಯನವರ ಮಹಡಿ ಮನೆಗೆ ಹತ್ತುವ ಮೆಟ್ಟಿಲಿನ ತಿರುವಿನಲ್ಲಿ ಅದು ಬೆಳಗಿನ ತಿಂಡಿಯ ಹೊತ್ತಿಗೆ ಸಿಕ್ಕಿಕೊಂಡು ಕೂತಿತು. ಮಂಚದಿಂದ ಕೆಳಕ್ಕೆ ಇಡೀ ಸಂಸಾರ, ಮೇಲಕ್ಕೆ ಮೇಷ್ಟರೊಬ್ಬರೇ. “ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ” ಎಂದು ಅಪ್ಪಣೆ ಕೊಡುವವರು ಎತ್ತರದಲ್ಲಿ ನಿಲ್ಲಬೇಕು, ಹೊರುವವರು ತಗ್ಗಿನಲ್ಲಿರಬೇಕು ಎಂಬುದು ಅವರ ನಂಬಿಕೆ.

ಅವತ್ತೇ ಮಧ್ಯಾಹ್ನ ಚಿಕ್ಕಬಳ್ಳಾಪುರದಲ್ಲಿ ವರ್ಗಾವಣೆಯ ಕೌನ್ಸೆಲಿಂಗ್. ಮೇಷ್ಟರು ಗಣಿತ ಹೇಳುತ್ತಿದ್ದ ಶಿಡ್ಲಘಟ್ಟ ಕಡೆಯ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸಿಬಿಟ್ಟಿದ್ದರಿಂದ ಅಲ್ಲಿನ ಇಬ್ಬರು ಗಣಿತದ ಮೇಷ್ಟರೂ ಹೆಚ್ಚುವರಿಯಾಗಿದ್ದರು. ಖಾಲಿ ಇದ್ದದ್ದು ಎರಡೇ ಜಾಗ. ಒಂದು ಚಿಂತಾಮಣಿ ಪಟ್ಟಣದಲ್ಲಿ. ಇನ್ನೊಂದು ಗೌರಿಬಿದನೂರು ತಾಲ್ಲೂಕಿನ ಕೊನೆಯಲ್ಲಿ, ಬಸ್ಸು ಕೂಡ ಒಲ್ಲದ ಮನಸ್ಸಿನಿಂದ ಹೋಗಿ ಬರುವ ಊರಿನಲ್ಲಿ. ಸೀನಿಯರ್ ಆದವರು ಮೊದಲು ಆರಿಸಿಕೊಳ್ಳಬಹುದು. ಹೆಸರು ಕೂಗಿದಾಗ ಇಲ್ಲದವರಿಗೆ ಉಳಿದದ್ದೇ ಗತಿ.

“ಮೊದ್ಲು ಆರ್ಡರ್ ಕೈಗೆ ಬರ್ಲಿ ರೀ, ಆಮೇಲೆ ಸಾಮಾನು ಸಾಗಿಸಣ” ಎಂದು ಹೆಂಡತಿ ಶ್ರೀವಲ್ಲಿ ವಾರದಿಂದ ಬಡಕೊಂಡಿದ್ದಳು.

“ನಾಳಿದ್ದಿಂದ ಆಷಾಢ ಕಣೇ. ಒಂದು ತಿಂಗಳು ಮನೆ ಬದಲಾಯಿಸೋ ಹಾಗಿಲ್ಲ. ಸೀನಿಯಾರಿಟೀಲಿ ನಾನೇ ಮೊದಲು. ಚಿಂತಾಮಣಿ ನನ್ನ ಜೇಬಲ್ಲಿದೆ ಅಂತ ತಿಳ್ಕೋ” ಎಂದಿದ್ದರು ಮೇಷ್ಟರು.

ಪಟ್ಟಿಯಲ್ಲಿ ಅವರ ನಂತರದ ಹೆಸರು ರಮೇಶ್‌ಬಾಬು. ಅದೇ ಶಾಲೆಯ ಕಿರಿಯ ಮೇಷ್ಟರು, ಬಹಳ ವಿನಯವಂತ. “ಸಾಮಾನಿಗೆ ಕೈ ಹಾಕ್ತೀನಿ ಸಾರ್, ಆಮೇಲೆ ನನ್ನ ಬೈಕಲ್ಲೇ ಇಬ್ರೂ ಹೋಗಣ” ಎಂದು ಬೆಳಗ್ಗೆಯೇ ಬಂದಿದ್ದ. ಮಂಚ ಸಿಕ್ಕಿಕೊಂಡ ಮೇಲೆ ಹಮಾಲಿಗಳಿಬ್ಬರು ನೂಕಿದರು, ಎಳೆದರು, ಒಬ್ಬರ ಮುಖ ಒಬ್ಬರು ನೋಡಿದರು, ಟೀ ಕುಡಿದು ಬರುತ್ತೇವೆ ಎಂದು ಹೋದವರು ಮತ್ತೆ ಆ ಬೀದಿಗೆ ಬರಲಿಲ್ಲ.

ರಮೇಶ್‌ಬಾಬು ಮಂಚದ ಕೆಳಗೆ ಬಗ್ಗಿ ನೋಡಿದ. “ಸಾರ್, ಇದರ ಮೂಲೇಲಿ ಒಂದು...”

“ತಡೀರಿ! ನಾನು ಯೋಚನೆ ಮಾಡ್ತಿರೋವಾಗ ಮಧ್ಯೆ ಬಾಯಿ ಹಾಕ್ಬೇಡಿ” ಎಂದರು ಮೇಲಿನಿಂದ ಮೇಷ್ಟರು. “ನನ್ನ ಹತ್ರ ಮಷೀನಿದೆ.”

ಆ ಮಾತು ಕೇಳಿ ಶ್ರೀವಲ್ಲಿ ಹಣೆ ಚಚ್ಚಿಕೊಂಡಳು. ಮಷೀನೆಂದರೆ ಬ್ಯಾಟರಿಯಿಂದ ಓಡುವ ಗರಗಸ. ಮೂತಿಗೆ ಸಿಕ್ಕಿಸಿದ ಬ್ಲೇಡು ಹಿಂದಕ್ಕೂ ಮುಂದಕ್ಕೂ ದಡಬಡನೆ ಆಡುತ್ತದೆ. ದೀಪಾವಳಿಗೆ ಆನ್‌ಲೈನಿನಲ್ಲಿ ತರಿಸಿದ್ದು. ಅಂದಿನಿಂದ ಮೇಷ್ಟರು ಅದರ ವಿಡಿಯೋಗಳನ್ನು ನೋಡಿದರೇ ಹೊರತು ಒಂದು ಕಡ್ಡಿಯನ್ನೂ ಕುಯ್ದಿರಲಿಲ್ಲ. ಆದರೂ ಬ್ಲೇಡಿನ ವಿಷಯದಲ್ಲಿ ಮೂರು ತಾಲ್ಲೂಕಿಗೆ ತಾವೇ ಪಂಡಿತರೆಂದು ತಿಳಿದಿದ್ದರು. ಹಮಾಲಿಗಳ ಕೈಗೆ ಕೊಡಲು ಮನಸ್ಸಾಗದೆ, ಎಲ್ಲಕ್ಕಿಂತ ಮೊದಲು ಅದನ್ನು ಎದೆಗವಚಿಕೊಂಡು ಮೇಲೆ ಒಯ್ದಿದ್ದರು.

“ಟೆರೇಸಿಂದ ಏಣಿ ಇಟ್ಟು ಇಳಿದುಬಿಡಿ. ಕೌನ್ಸೆಲಿಂಗ್ ಮುಗಿಸ್ಕೊಂಡು ಬಂದು ಮಂಚ ನೋಡ್ಕೊಳಣ” ಎಂದಳು ಶ್ರೀವಲ್ಲಿ.

“ನಾಳೆಯಿಂದ ಇದೇ ಊರಿನ ಮಕ್ಕಳಿಗೆ ಪಾಠ ಹೇಳೋನು ನಾನು. ಕಳ್ಳನ ಥರ ಏಣೀಲಿ ಇಳೀಲಾ? ಹತ್ತು ನಿಮಿಷದ ಕೆಲಸ, ಸುಮ್ನಿರು.”

ಏನನ್ನು ಕುಯ್ಯಬೇಕು ಎಂಬುದೇ ಮೊದಲನೆಯ ಜಗಳ. ಮಂಚದ ಒಂದು ಪಕ್ಕ ಗೋಡೆಗೆ ಒತ್ತಿತ್ತು, ಇನ್ನೊಂದು ಪಕ್ಕ ಕಳ್ಳರ ಭಯಕ್ಕೆ ಮೆಟ್ಟಿಲುದ್ದಕ್ಕೂ ಹಾಕಿಸಿದ ಕಬ್ಬಿಣದ ಗ್ರಿಲ್ಲಿಗೆ.

“ಮಂಚ ಮುಟ್ಟು ನೋಡಣ!” ಎಂದರು ಪದ್ಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ. “ನಮ್ಮತ್ತೆ ಮಲಗಿದ್ದ ಮಂಚ ಕಣಪ್ಪಾ ಅದು.”

“ಹಾಗಂತ ನನ್ನ ಗ್ರಿಲ್ಲು ಕುಯ್ಯೋದಾ?” ಎಂದರು ಮನೆ ಮಾಲೀಕ ಪುಟ್ಟಸ್ವಾಮಯ್ಯ. “ಮನೆಗೆ ಇನ್ನೂ ಹಾಲು ಉಕ್ಕಿಸಿಲ್ಲ ಮೇಷ್ಟ್ರೇ. ಆಗ್ಲೇ ಕತ್ತರಿ ಹಾಕ್ತೀರಲ್ರೀ.”

ರಮೇಶ್‌ಬಾಬು ಇಬ್ಬರನ್ನೂ ಸಮಾಧಾನ ಮಾಡಿದ. ಒಂದೇ ಒಂದು ಸರಳು ತೆಗೆಯುವುದು, ಸಂಜೆಯೊಳಗೆ ವೆಲ್ಡಿಂಗ್ ಮಾಡಿಸಿಕೊಡುವುದು ಎಂದು ತೀರ್ಮಾನವಾಯಿತು. ಆಮೇಲೆ ಅವನು ಕೈಕಟ್ಟಿ ನಿಂತು ಬಹಳ ಮುಗ್ಧವಾಗಿ ಒಂದು ಪ್ರಶ್ನೆ ಕೇಳಿದ. “ಸಾರ್, ಹಲ್ಲು ದೊಡ್ಡದಿದ್ರೆ ಬೇಗ ಕುಯ್ಯಲ್ವಾ? ಸರಳಿಗೂ ಅದನ್ನೇ ಹಾಕ್ಬಾರ್ದಾ?”

ಮೇಷ್ಟರಿಗೆ ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾರೂ ತಾವಾಗಿ ಪ್ರಶ್ನೆ ಕೇಳಿರಲಿಲ್ಲ. ಅವರ ಮುಖ ಅರಳಿತು. ಬ್ಲೇಡಿನ ಪೊಟ್ಟಣವನ್ನು ಬಿಚ್ಚಿ ಮೇಲಿನ ಮೆಟ್ಟಿಲ ಮೇಲೆ ಸಾಲಾಗಿ ಜೋಡಿಸಿದರು.

“ಅಲ್ಲೇ ಎಲ್ಲಾ ಎಡವೋದು! ಕಬ್ಬಿಣ ತೆಳುವಾದಷ್ಟೂ ಹಲ್ಲು ಸಣ್ಣಗಿರಬೇಕು. ಒಂದೇ ಸಲಕ್ಕೆ ಮೂರು ಹಲ್ಲಾದ್ರೂ ಅದನ್ನ ಮುಟ್ಟಿರಬೇಕು. ದೊಡ್ಡ ಹಲ್ಲಿನ ಸಂದೀಲಿ ಸರಳು ಸಿಕ್ಕೊಂಡ್ರೆ ಹಲ್ಲೇ ಉದುರಿ ಹೋಗುತ್ತೆ. ಮರಕ್ಕೆ ಇದರ ತಿರುಗಾಮುರುಗ. ಅಲ್ಲಿ ಸಣ್ಣ ಹಲ್ಲು ಹಾಕಿದ್ರೆ ಪುಡಿ ಹೊರಗೆ ಬರೋಕೆ ಜಾಗ ಇಲ್ದೆ ಹೊಗೆ ಏಳುತ್ತೆ.”

“ಆಹಾ! ಇಟ್ಟಿಗೆಗೆ ಸಾರ್?”

“ಇದು. ಹಲ್ಲೇ ಇಲ್ಲ, ಮರಳು ಅಂಟಿಸಿದ ಹಾಗಿದೆ ನೋಡಿ. ಈ ಉದ್ದನೇದು ಹಸಿ ಕೊಂಬೆಗೆ. ಇದನ್ನ ಹಾಕೋ ಮೊದ್ಲು ಆ ಕಡೆ ಏನಿದೆ ಅಂತ ನೋಡ್ಕೋಬೇಕು.”

“ರೀ, ಹೊತ್ತಾಯ್ತು” ಎಂದಳು ಶ್ರೀವಲ್ಲಿ.

“ಪಾಠದ ಮಧ್ಯೆ ಯಾರೂ ಮಾತಾಡಬಾರ್ದು!” ಎಂದು ಗುಡುಗಿದರು ಮೇಷ್ಟರು. ಒಂದೊಂದೇ ಬ್ಲೇಡನ್ನು ಮಷೀನಿಗೆ ಸಿಕ್ಕಿಸುವುದು, ಗಾಳಿಯಲ್ಲಿ ಗರ್ರೆನಿಸುವುದು, ತೆಗೆಯುವುದು. ರಮೇಶ್‌ಬಾಬು ಕೇಳುತ್ತಲೇ ಹೋದ, ಅವರು ಹೇಳುತ್ತಲೇ ಹೋದರು. ಪುಟ್ಟಸ್ವಾಮಯ್ಯನವರು ಕೆಳಗಿನ ತಮ್ಮ ಮನೆಗೆ ಹೋಗಿ ಸ್ನಾನ ಮುಗಿಸಿ ಬಂದರು, ಪಾಠ ಇನ್ನೂ ನಡೆದಿತ್ತು. ಕೊನೆಗೆ ರಮೇಶ್‌ಬಾಬು ಕೈ ಗಡಿಯಾರ ನೋಡಿಕೊಂಡ. “ಸಾರ್, ನಾನು ಮುಂದೆ ಹೋಗಿರ್ತೀನಿ. ನೀವು ಬರ್ತಾ ಇದ್ದೀರಿ ಅಂತ ಅಲ್ಲಿ ಹೇಳ್ತೀನಿ.”

“ಹೋಗ್ಬನ್ನಿ, ಒಳ್ಳೇದಾಗ್ಲಿ” ಎಂದು ಮೇಷ್ಟರು ಮೇಲಿನಿಂದಲೇ ಆಶೀರ್ವಾದ ಮಾಡಿದರು. ಇಷ್ಟು ಶ್ರದ್ಧೆಯ ಹುಡುಗನಿಗೆ ಆ ಗೌರಿಬಿದನೂರಿನ ಮೂಲೆಯೇ ಸಿಗುತ್ತದಲ್ಲ ಎಂದು ಅವರಿಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು.

ಇನ್ನು ಕೆಲಸ. ಪಾಠದ ಕೊನೆಗೆ ತೋರಿಸಿದ್ದು ಮರದ ಬ್ಲೇಡು. ಅದು ಮಷೀನಿನಲ್ಲೇ ಉಳಿದಿತ್ತು. ಜಗತ್ತಿಗೆಲ್ಲ ಬ್ಲೇಡು ಬದಲಾಯಿಸುವುದನ್ನು ಕಲಿಸಿದವರು ತಾವು ಮಾತ್ರ ಬದಲಾಯಿಸದೆ ಸರಳಿಗೆ ಹಿಡಿದರು. ಮೂತಿಯನ್ನು ಸರಳಿಗೆ ಒತ್ತಿ ಹಿಡಿಯಬೇಕೆಂಬುದೂ ಮರೆತುಹೋಗಿತ್ತು. ಬ್ಲೇಡು ಆಡುವ ಬದಲು ಇಡೀ ಗ್ರಿಲ್ಲು ದಡದಡ ಕುಣಿಯಿತು. ಎದುರುಮನೆಯವರು ಭೂಕಂಪವೆಂದು ಬೀದಿಗೆ ಓಡಿಬಂದರು. ನಿಲ್ಲಿಸಿ ನೋಡಿದರೆ ಬ್ಲೇಡು ತೊಂಬತ್ತು ದಾಟಿದ ಅಜ್ಜನ ಬಾಯಿಯಂತಾಗಿತ್ತು.

“ಹಲ್ಲೆಲ್ಲಾ ಉದುರೋಯ್ತಲ್ರೀ!” ಎಂದರು ಪುಟ್ಟಸ್ವಾಮಯ್ಯ. ಬೀದಿಯವರೆಲ್ಲ ಆರಾಮವಾಗಿ ಮೆಟ್ಟಿಲ ಬುಡದಲ್ಲಿ ನಿಂತರು.

ಸಣ್ಣ ಹಲ್ಲಿನದನ್ನು ಹಾಕಿದ ಮೇಲೆ ಸರಳೇನೋ ತುಂಡಾಯಿತು. ಮಂಚ ಮಾತ್ರ ಅಲ್ಲಾಡಲಿಲ್ಲ. ಅದರ ಕಾಲು ಗೋಡೆಗೆ ಕಚ್ಚಿಕೊಂಡಿತ್ತು. ಕಾಲಿನ ತುದಿಯನ್ನು ಎರಡು ಬೆರಳಷ್ಟು ತೆಗೆಯದೆ ದಾರಿಯಿಲ್ಲ ಎಂದು ಬೀದಿಯ ಪಂಚಾಯಿತಿ ತೀರ್ಪು ಕೊಟ್ಟಿತು. ಪದ್ಮಮ್ಮ ಅತ್ತು ಕರೆದು ಒಪ್ಪಿದರು. ಮೇಷ್ಟರು ಅವಸರದಲ್ಲಿ ಅದೇ ಕಬ್ಬಿಣದ ಬ್ಲೇಡನ್ನು ಬೀಟೆಗೆ ಹಿಡಿದರು. ಸ್ವಲ್ಪ ಹೊತ್ತಿಗೇ ಮೆಟ್ಟಿಲ ತುಂಬ ಹೊಗೆ.

“ಅಯ್ಯೋ ದೇವುಡಾ! ಮಂಚಕ್ಕೆ ಬೆಂಕಿ ಇಟ್ಟ ಕಣಮ್ಮಾ ನಿನ್ನ ಗಂಡ!” ಎಂದು ಪದ್ಮಮ್ಮ ಎದೆ ಬಡಿದುಕೊಂಡರು.

“ಬೆಂಕಿ ಅಲ್ಲ ಅತ್ತೇ, ಪುಡಿ ಹೊರಗೆ ಬರ್ತಿಲ್ಲ, ಅದಕ್ಕೇ” ಎಂದು ಕೆಮ್ಮುತ್ತ ವಿವರಿಸಿದರು ಅಳಿಯ. ಹೀಗಾಗುತ್ತದೆ ಎಂದು ತಾನು ಮೊದಲೇ ಹೇಳಿರಲಿಲ್ಲವೇ ಎಂಬ ಹೆಮ್ಮೆ ಆ ಹೊಗೆಯಲ್ಲೂ ಅವರ ದನಿಯಲ್ಲಿತ್ತು.

ಮರದ ಬ್ಲೇಡಿಗೆ ಹಲ್ಲಿಲ್ಲ. ಉಳಿದಿದ್ದದ್ದು ಹಸಿ ಕೊಂಬೆಯ ಉದ್ದನೆಯದು. ಅದನ್ನು ಹಾಕಿದ್ದೇ ತಡ, ಮಂಚದ ಕಾಲನ್ನು ಮೂಲಂಗಿಯಂತೆ ಕುಯ್ದುಕೊಂಡು ಹೋಯಿತು. ಕಾಲು ಮುಗಿದ ಮೇಲೂ ನಿಲ್ಲದೆ, ಅದರ ಹಿಂದೆ ಗೋಡೆಗೆ ಬಡಿದಿದ್ದ ನೀರಿನ ಪೈಪನ್ನೂ ಕುಯ್ದಿತು. ವಾರಕ್ಕೊಮ್ಮೆ ಬರುವ ನೀರನ್ನು ಜೋಪಾನವಾಗಿ ತುಂಬಿಸಿಟ್ಟ ಟ್ಯಾಂಕು ಮೆಟ್ಟಿಲ ಮೇಲೆ ಖಾಲಿಯಾಗತೊಡಗಿತು. ಪುಟ್ಟಸ್ವಾಮಯ್ಯನವರ ಬಾಯಿಂದ ಹೊರಟ ಮಾತುಗಳನ್ನು ಬರೆಯುವ ಹಾಗಿಲ್ಲ. ಬೀದಿಯ ಹೆಂಗಸರು ಮಾತ್ರ ಓಡಿಹೋಗಿ ಕೊಡ ತಂದರು.

ನೀರಿಗೆ ಜಾರಿದ ಮಂಚವನ್ನು ಬೀದಿಯವರೆಲ್ಲ ಸೇರಿ ಒಂದೇ ಉಸಿರಿಗೆ ಮೇಲಕ್ಕೆ ನೂಕಿದರು. ಮೇಷ್ಟರು ಒದ್ದೆ ಪ್ಯಾಂಟಿನಲ್ಲೇ ಬಸ್ಸಿಗೆ ಓಡಿದರು.

ಚಿಕ್ಕಬಳ್ಳಾಪುರದ ಸಭಾಂಗಣದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮೇಜಿನ ಹಿಂದೆ ತನುಜ ಎಂಬ ಗುಮಾಸ್ತೆ ಬ್ಯಾಗು ಹೆಗಲಿಗೇರಿಸಿ ಎದ್ದು ನಿಂತಿದ್ದಳು.

“ಮೂರು ಸಲ ಕೂಗಿದ್ವಿ. ಎಲ್ಲಿದ್ರಿ ಸಾರ್?”

“ಮಂಚ ಅಡ್ಡ ಬಂತು ಮೇಡಂ.”

“ನಮ್ಮನೇಲೂ ಮಂಚ ಇದೆ ಸಾರ್. ನಾವೆಲ್ಲ ಎದ್ದು ಬಂದಿಲ್ವಾ?” ಎಂದು ಅವಳು ಗೌರಿಬಿದನೂರು ಮೂಲೆಯ ಆದೇಶವನ್ನು ಕೈಗಿಟ್ಟಳು.

ಸಂಜೆ ಮೇಷ್ಟರು ಚಿಂತಾಮಣಿಗೆ ಮರಳಿದಾಗ ಗ್ರಿಲ್ಲಿಗೆ ಮೊದಲಿಗಿಂತ ದಪ್ಪ ಸರಳು ಕೂತಿತ್ತು. ಮಹಡಿ ಮನೆಯಲ್ಲಿ ಪುಟ್ಟಸ್ವಾಮಯ್ಯನವರ ಪಕ್ಕ ರಮೇಶ್‌ಬಾಬು ಮೈಸೂರ್‌ಪಾಕ್ ಹಿಡಿದು ನಿಂತಿದ್ದ.

“ನಿಮ್ಮ ಹೆಸರು ಎಷ್ಟು ಕೂಗಿದ್ರು ಸಾರ್! ಆಮೇಲೆ ನನಗೆ ಚಿಂತಾಮಣಿ ಕೊಟ್ಬಿಟ್ರು.”

“ಈ ಮನೆ ಅವರಿಗೇ ಬಾಡಿಗೆಗೆ ಕೊಟ್ಬಿಟ್ಟೆ ಮೇಷ್ಟ್ರೇ” ಎಂದರು ಪುಟ್ಟಸ್ವಾಮಯ್ಯ. “ನೀವು ಹೇಗೂ ಆ ಕಡೆ ಹೋಗೋರು. ಅವರಿಗೆ ಆಷಾಢ ಗೀಷಾಢ ಏನೂ ಇಲ್ವಂತೆ. ಗರಗಸಾನೂ ಇಲ್ವಂತೆ.”

ಶ್ರೀವಲ್ಲಿ ಪಾತ್ರೆಗಳನ್ನು ಮತ್ತೆ ಚೀಲಕ್ಕೆ ತುಂಬುತ್ತಿದ್ದಳು. ಒಂದು ಕಾಲಿನ ತುದಿ ಕಳಕೊಂಡು ಕುಂಟುತ್ತ ನಿಂತ ಮಂಚದ ಮೇಲೆ ಪದ್ಮಮ್ಮ ಕೂತಿದ್ದರು. “ಮಂಚ ಬಿಟ್ಟು ನಾನು ಇಲ್ಲಿಂದ ಏಳಲ್ಲ” ಎಂದರು. ಮೇಷ್ಟರು ಹಲ್ಲು ಕಚ್ಚಿ ಮಷೀನು ಎತ್ತಿಕೊಂಡು ಹೊಸ ಸರಳಿನ ಕಡೆ ಹೊರಟರು.

“ಅದು ಬೇಡ ಸಾರ್” ಎಂದ ರಮೇಶ್‌ಬಾಬು. ಪದ್ಮಮ್ಮನವರನ್ನು ಕೈ ಹಿಡಿದು ಎಬ್ಬಿಸಿದ. ಮಂಚದ ಮೂಲೆಗೆ ಬಗ್ಗಿ, ಚಪಾತಿ ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿದ. ಒಂದು ಪುಟ್ಟ ಮರದ ಬೆಣೆ ಟಕ್ಕೆಂದು ಹೊರಗೆ ಬಿತ್ತು. ನಾಲ್ಕು ಮೂಲೆಗೂ ತಟ್ಟಿದ. ನವಿಲು ಒಂದು ಕಡೆ, ಪಟ್ಟಿಗಳು ಒಂದು ಕಡೆ, ಮಂಚ ಬಿಚ್ಚಿಕೊಂಡು ನೆಲದ ಮೇಲೆ ಅಚ್ಚುಕಟ್ಟಾಗಿ ಮಲಗಿತು. ಪಟ್ಟಿಯನ್ನು ಹೆಗಲಿಗಿಟ್ಟುಕೊಂಡು ಅವನು ಮೆಟ್ಟಿಲಿಳಿಯತೊಡಗಿದ.

“ಹಳೇ ಮಂಚ ಎಲ್ಲಾ ಹೀಗೇ ಸಾರ್. ಮುರುಗಮಲ್ಲದಲ್ಲಿ ನಮ್ಮಪ್ಪಂದು ಮರ ಕುಯ್ಯೋ ಸಾಮಿಲ್ಲು. ನಾನು ಹುಟ್ಟಿ ಬೆಳೆದದ್ದೇ ಬ್ಲೇಡುಗಳ ಮಧ್ಯೆ.”

ಮೇಷ್ಟರು ಮಷೀನನ್ನು ಕೆಳಗಿಟ್ಟರು. “ಅಲ್ರೀ, ಬೆಳಗ್ಗೆ ಇದನ್ನ ಒಂದು ಮಾತು ಹೇಳ್ಬಾರ್ದಾಗಿತ್ತಾ?”

ರಮೇಶ್‌ಬಾಬು ತಿರುವಿನಲ್ಲಿ ನಿಂತು ವಿನಯದಿಂದ ಹಿಂತಿರುಗಿ ನೋಡಿದ. “ಹೇಳೋಕೆ ಬಾಯಿ ತೆಗೆದೆ ಸಾರ್, ಮಧ್ಯೆ ಬಾಯಿ ಹಾಕ್ಬೇಡಿ ಅಂದ್ರಿ. ಆಮೇಲೆ ಪಾಠದ ಮಧ್ಯೆ ಯಾರೂ ಮಾತಾಡಬಾರ್ದು ಅಂದ್ರಲ್ಲ ನೀವು.”