ಕೈ ಮುಗಿದರೆ ನಿಲ್ಲುವ ಚಕ್ರ

ನನ್ನಂಥವರಿಗೆ ‘ನಿಲ್ಲಿಸಿ’ ಎನ್ನುವುದು ಬಹಳ ಕಷ್ಟದ ಮಾತು. ಕಂಪ್ಲಿಯಿಂದ ತವರಿಗೆ ಹೋಗುವಾಗ ಕಂಡಕ್ಟರನನ್ನು ಕೂಗಲು ನಾಚಿ, ಮುಂದಿನ ಊರಲ್ಲಿ ಇಳಿದು, ಕಬ್ಬಿನ ಗದ್ದೆಯ ಬದುವಿನ ಮೇಲೆ ಹಿಂದಕ್ಕೆ ನಡೆದು ಬಂದವಳು ನಾನು. ನಿಮ್ಮ ಅಜ್ಜ ಇದ್ದಾಗ ನನ್ನ ಪರವಾಗಿ ಅವರೇ ಕೂಗುತ್ತಿದ್ದರು. ಅವರು ಹೋದ ಮೇಲೆ ನಡಿಗೆ ಹೆಚ್ಚಾಯಿತು. ಮಕ್ಕಳೇ, ಇಂಥವಳು ಬಾಯಿ ತೆರೆಯದೆಯೇ ಒಂದು ದೊಡ್ಡ ಯಂತ್ರವನ್ನು ನಿಲ್ಲಿಸಿದ ಕತೆ ಇದು. ಮೊಮ್ಮಗಳು ನೇತ್ರಾಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆಗ ಹಂಪಿಯನ್ನು ಮೇಲಿನಿಂದ ತೋರಿಸುವ ಹೆಲಿಕಾಪ್ಟರ್ ಬಂದಿತ್ತು. ಹತ್ತು ವರ್ಷದ ನೇತ್ರಾಳಿಗೆ ಅದನ್ನು ಹತ್ತಲೇಬೇಕು. ಮಕ್ಕಳ ಜೊತೆ ಮನೆಯ ದೊಡ್ಡವರೊಬ್ಬರು ಇರಬೇಕೆಂಬುದು ಅವರ ನಿಯಮ. ಅವಳಪ್ಪನಿಗೆ ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಶಿಫ್ಟು. ಅವಳವ್ವ ಬಸುರಿ, ಹತ್ತುವಂತಿಲ್ಲ. ಉಳಿದವಳು ನಾನೊಬ್ಬಳೇ. ಸೊಸೆಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. “ಅತ್ತಿ, ಮೊದ್ಲು ಜಾಯಿಂಟ್ ವೀಲಿನಾಗ ಕುಂತು ಬರ್ರಿ. ಅದಕ್ಕ ಹೆದರಿದ್ರ ಹೆಲಿಕಾಪ್ಟರ್ ಬ್ಯಾಡ,” ಎಂದಳು.

ಹೊಸಪೇಟೆಯ ಮೈದಾನದಲ್ಲಿ ಹಾಕಿದ್ದ ಆ ಚಕ್ರವನ್ನು ನಡೆಸುವ ಮೀಸೆಯವನು ಕಬ್ಬಿಣದ ಸರಪಳಿ ಸಿಕ್ಕಿಸುತ್ತಾ, ಹೆದರಿಕೆಯಾದರೆ ಎರಡೂ ಕೈ ಮೇಲೆತ್ತಬೇಕು, ಆಗ ನಿಲ್ಲಿಸುತ್ತೇನೆ ಎಂದು ಎಲ್ಲರಿಗೂ ಹೇಳಿದ. ನಾನು ತಲೆಯಾಡಿಸಿದೆ. ನಾನೂ ನೇತ್ರಾಳೂ ಕೂತಿದ್ದ ತೊಟ್ಟಿಲು ಮೇಲೆ ಹೋಯಿತು. ತುದಿ ಮುಟ್ಟುತ್ತಿದ್ದಂತೆ ಎದುರಿಗೇ ಜಂಬುನಾಥ ದೇವರ ಗುಡ್ಡ ಕಾಣಿಸಿತು. ಗುಡ್ಡ ಕಂಡರೆ ನನ್ನ ಕೈಗಳು ನನ್ನನ್ನು ಕೇಳುವುದಿಲ್ಲ. ತಲೆಯ ಮೇಲೆತ್ತಿ ಜೋಡಿಸಿದೆ, ಕಣ್ಣು ಮುಚ್ಚಿದೆ. ಚಕ್ರ ಗಕ್ಕನೆ ನಿಂತಿತು.

ನಮ್ಮನ್ನು ಕೆಳಗಿಳಿಸಿದರು. ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತೆಂದು ಪಕ್ಕದವಳಿಗೆ ನನಗೆ ಕೇಳುವಂತೆಯೇ ಹೇಳಿದಳು. ಯಾರೋ ನೀರು ಕೊಟ್ಟರು. ಬಾಯಾರಿಕೆ ಇಲ್ಲದಿದ್ದರೂ, ಇಲ್ಲ ಎನ್ನಲು ನಾಚಿ ಪೂರ್ತಿ ಕುಡಿದೆ. ನೇತ್ರಾ ಮಾತ್ರ ನನ್ನತ್ತ ನೋಡದೆ, “ಇರ್ಲಿ ಬಿಡಜ್ಜಿ. ನಾಳೆ ಹೆಲಿಕಾಪ್ಟರಿಗೆ ಹೋಗೂದು ಬ್ಯಾಡ,” ಎಂದಳು. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ದೊಡ್ಡವಳಂತೆ ಸಮಾಧಾನ ಮಾಡಿದಳಲ್ಲ, ಅದನ್ನು ತಾಳಲಾಗಲಿಲ್ಲ.

ಮೀಸೆಯವನ ಮುಂದೆ ಹೋಗಿ ನಿಂತೆ. “ತಮ್ಮಾ, ನಾ ಹೆದರಿಲ್ಲ. ಗುಡ್ಡಕ್ಕ ಕೈ ಮುಗಿದೆ.”

ಅವನು ಗುಡ್ಡವನ್ನೂ ನನ್ನನ್ನೂ ಒಮ್ಮೆ ನೋಡಿದ. “ಮತ್ತ್ ಹತ್ತ್ರಿ ಅವ್ವಾ. ಈ ಸಲ ಮನಸಿನಾಗ ಮುಗೀರಿ.”

ಮೂರು ಸುತ್ತು ಹೊಡೆದೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಮರುದಿನ ಹೆಲಿಕಾಪ್ಟರಿನವರು ಮತ್ತೆ ನಿಯಮ ಹೇಳಿದರು. ಬಗ್ಗಿ ನಡೆಯಬೇಕು, ಸೆರಗು ಸಿಕ್ಕಿಸಬೇಕು, ರೆಕ್ಕೆ ತಿರುಗುವಾಗ ಕೈ ಎತ್ತಲೇಬಾರದು. ಗುಡಿಯಲ್ಲಿ ಎತ್ತಬೇಕು, ಚಕ್ರದಲ್ಲಿ ಎತ್ತಿದರೆ ನಿಲ್ಲುತ್ತದೆ, ಇಲ್ಲಿ ಎತ್ತುವಂತೆಯೇ ಇಲ್ಲ. ಎರಡೇ ಕೈಗಳಿಗೆ ಎಷ್ಟೊಂದು ಕಾನೂನು! ವಿರೂಪಾಕ್ಷನ ಗೋಪುರ ಕಂಡಾಗ ಕೈ ಮುಗಿಯಲಿಲ್ಲ. ಹಾಗಾಗಿ ಕಣ್ಣೂ ಮುಚ್ಚಲಿಲ್ಲ. ಮದುವೆಯಾದಾಗಿನಿಂದ ಆ ಗೋಪುರಕ್ಕೆ ಕೈ ಮುಗಿಯುತ್ತಾ ಬಂದವಳು, ಅದನ್ನು ಸರಿಯಾಗಿ ನೋಡಿದ್ದು ಅಂದೇ. ಕೆಳಗೆ ಹೊಳೆಯಲ್ಲಿ ಹರಿಗೋಲುಗಳು ರೊಟ್ಟಿಯ ಹಂಚುಗಳಂತೆ ಕಂಡವು. ನೇತ್ರಾಳಿಗೆ ತೋರಿಸೋಣವೆಂದು ತಿರುಗಿದರೆ ಅವಳು ನನ್ನ ತೋಳು ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಇಳಿಯುವವರೆಗೂ ತೆರೆಯಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ, ಏನೇನು ಕಂಡಿತೆಂದು ಮೆಲ್ಲಗೆ ಕೇಳಿದಳು. ಒಂದೂ ಬಿಡದೆ ಹೇಳಿದೆ. ಸಂಜೆ ಅಪ್ಪ ಅವ್ವನ ಮುಂದೆ ಅವಳು ಅದನ್ನೆಲ್ಲ ಕೈ ಬೀಸಿ ಬೀಸಿ ವರ್ಣಿಸಿದಳು. ಅಜ್ಜಿಯೇ ಕಣ್ಣು ಮುಚ್ಚಿ ಕೂತಿದ್ದಳೆಂದೂ ಸೇರಿಸಿದಳು. ನಾನು ಸೊಪ್ಪು ಸೋಸುತ್ತಿದ್ದೆ. ಹೊಳೆಯಲ್ಲಿ ನಾಲ್ಕು ಹರಿಗೋಲು ಇದ್ದವು ಎಂದಾಗ ಮಾತ್ರ, “ಮೂರವ್ವಾ,” ಎಂದುಬಿಟ್ಟೆ.

ಸೊಸೆ ನನ್ನತ್ತ ತಿರುಗಿದಳು. “ಕಣ್ಣು ಮುಚ್ಚಿದ್ರಂತಲ್ಲ ಅತ್ತಿ, ನಿಮಗೆಂಗ ಗೊತ್ತು?”

ನೇತ್ರಾ ನನ್ನ ಮುಖ ನೋಡಿದಳು.

“ಅಕೀನ ಹೇಳಿದ್ಳು,” ಎಂದೆ.

ನಿಜ ಹೇಳಲು ನನಗೆ ಎಷ್ಟು ಹೊತ್ತು ಬೇಕೆಂದು ನಿಮಗೆ ಗೊತ್ತಿದೆ. ಆ ಸುಳ್ಳು ಮಾತ್ರ ಒಂದಿಷ್ಟೂ ನಾಚದೆ ಬಂತು.