ಹುಳು ಮನೆಯಲ್ಲಿ ಮೌನ ಹಿಡಿದ ಊರಜಾಲದ ಪೆಟ್ಟಿಗೆಗೆ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರ ಸಮುದಾಯ ಜಾಲದ ಕಂಪ್ಯೂಟರ್ ಪೆಟ್ಟಿಗೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಮಾವ ಮುನಿವೆಂಕಟಪ್ಪನವರ ರೇಷ್ಮೆಹುಳು ಮನೆಯಲ್ಲಿ, ಯುಪಿಎಸ್ ಪಕ್ಕ, ಕೂಲರ್ ಗಾಳಿಯಲ್ಲಿ, ಊರಿನ ಯಾವ ಮನುಷ್ಯನಿಗೂ ಸಿಗದ ಸುಖದಲ್ಲಿ ತಾವು ಕ್ಷೇಮವೆಂದು ಭಾವಿಸಿ, ಏಳು ತಿಂಗಳ ಮಗನನ್ನು ಹೆಗಲಿಗೆ ಹಾಕಿಕೊಂಡು ಉಳಿದ ಒಂದು ಕೈಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ನಾನು ನಿದ್ದೆ ಕಂಡು ಬಹಳ ದಿನವಾಯಿತು. ಅಕ್ಷರ ಓರೆಯಾಗಿದ್ದರೆ ಮನ್ನಿಸಬೇಕು.

ಊರಿನವರೇ ಊರಿನ ಹಾಡು, ಪಾಠಗಳನ್ನು ತಮ್ಮೊಳಗೆ ತುಂಬಬೇಕು, ತಿಂಗಳಿಗೆ ಐನೂರು ಸಲವಾದರೂ ಜನ ಅವನ್ನು ವೈಫೈನಲ್ಲಿ ಫೋನ್ ಹಿಡಿದು ಕೇಳಬೇಕು, ಇಲ್ಲವಾದರೆ ಪೆಟ್ಟಿಗೆ ಬೇರೆ ಊರಿಗೆ ಹೋಗುತ್ತದೆ ಎಂದು ಜಾಲದ ಯೋಜನೆಯ ತನುಜ ಮೇಡಂ ಹೇಳಿದಾಗ, ಬಿ.ಎಸ್ಸಿ. ಓದಿದ ಹುರುಪಿನಲ್ಲಿ ಮೊದಲು ಕೈಯೆತ್ತಿದವಳು ನಾನು. ಅತ್ತೆ ಕದಿರಮ್ಮನವರನ್ನು, ಊರಲ್ಲಿ ಯಾರೂ ಬಾಯಿಬಿಡದ ಜಾಗ ಅದೊಂದೇ ಎಂದು, ಹುಳು ಮನೆಯಲ್ಲೇ ಕೂರಿಸಿ ಜೋಗುಳ ರೆಕಾರ್ಡ್ ಮಾಡಿದೆ. ಫೋನಿಗೆ ಇಳಿಸಿಕೊಂಡರೆ ಲೆಕ್ಕಕ್ಕೆ ಬರುವುದಿಲ್ಲ, ಪ್ರತಿಸಲವೂ ತಮ್ಮಿಂದಲೇ ಕೇಳಬೇಕು ಎಂಬ ನಿಯಮ ಮಾಡಿದ ಜಾಣೆಯೂ ನಾನೇ.

ಫಲ ತಮಗೆ ಗೊತ್ತೇ ಇದೆ. ನಮ್ಮೂರ ರಮೇಶ್‌ಬಾಬು ಅವರು ತುಂಬಿದ ಹಿಪ್ಪುನೇರಳೆ ಸವರುವ ಪಾಠವನ್ನು ಮೂರು ಸಲ ಕೇಳಲಾಗಿದೆ, ಮೂರು ಸಲವೂ ರಮೇಶ್‌ಬಾಬು ಅವರೇ. ಜೋಗುಳ ಮಾತ್ರ ಕಳೆದ ತಿಂಗಳು ಆರುನೂರ ಹನ್ನೆರಡು ಸಲ, ಅಷ್ಟೂ ನಮ್ಮ ಮನೆಯಿಂದ. ನನ್ನ ಮಗ ಚೈತನ್ಯ ಅದಿಲ್ಲದೆ ಕಣ್ಣು ಮುಚ್ಚುವುದಿಲ್ಲ. ಅದೇ ಅಜ್ಜಿ ಅದೇ ಹಾಡನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡಿದರೆ ಪಿಳಿಪಿಳಿ ನೋಡುತ್ತಾನೆ. "ಹೆತ್ತ ಮೂರಕ್ಕೂ ಇದನ್ನೇ ಹಾಡಿದ್ದು ಕಣಮ್ಮ, ಇವನಿಗೆ ಡಬ್ಬದಲ್ಲಿರೋ ಅಜ್ಜಿನೇ ಬೇಕಂತೆ" ಎಂದು ಅತ್ತೆ ಬೇಸರವನ್ನೂ ಜಂಬವನ್ನೂ ಒಟ್ಟಿಗೇ ಪಡುತ್ತಾರೆ.

ತನುಜ ಮೇಡಂ ವರದಿಯಲ್ಲಿ 'ಸ್ಥಳೀಯ ವಿಷಯಕ್ಕೆ ಅಪಾರ ಬೇಡಿಕೆ' ಎಂದು ಬರೆದಿರುವಾಗ, ಅಂದರೆ ಇಡೀ ಜಾಲವೇ ನನ್ನ ಮಗನ ರೆಪ್ಪೆಯ ಮೇಲೆ ನಿಂತಿರುವಾಗ, ಸೋಮವಾರದಿಂದ ಹ್ಯಾಂಗ್ ಆಗಿ ಕುಳಿತಿರುವ ತಮ್ಮ ಸ್ಥಿತಪ್ರಜ್ಞತೆಗೆ ಯಾವ ಋಷಿಯೂ ಸಮನಲ್ಲ. ಗುಂಡಿಯೊತ್ತಿ ಎಬ್ಬಿಸೋಣವೆಂದರೆ, ಮಗುವಿಗೆ ಬಜೆ ತೇಯ್ದ ನನ್ನ ಕೈವಾಸನೆ ಹುಳುಗಳಿಗೆ ಆಗದೆಂದು, ಅವು ಹಣ್ಣಾಗಿ ಗೂಡು ಕಟ್ಟಲು ಹೊರಡುವವರೆಗೆ ನನಗೆ ಒಳಗೆ ಪ್ರವೇಶವಿಲ್ಲ. ಮಾವನವರನ್ನು ಕೇಳಿದರೆ, "ಸೊಪ್ಪು ಹಾಕೋ ಕೈಯಲ್ಲಿ ಅದನ್ನ ಮುಟ್ಟಲ್ಲ ಕಣಮ್ಮ, ಹುಳಕ್ಕೂ ಅದರ ಬುದ್ಧಿ ಬಂದ್ರೆ ಏನ್ ಮಾಡ್ಲಿ" ಎಂದರು.

ಆದ್ದರಿಂದ ತಾವಾಗಿಯೇ ಏಳಬೇಕೆಂದೂ, ಏಳಲಾಗದಿದ್ದರೆ ತಮ್ಮ ನಿದ್ದೆಯಲ್ಲಿ ಕಾಲುಭಾಗವನ್ನು ನನ್ನ ಮಗನ ಹೆಸರಿಗೆ ವರ್ಗಾಯಿಸಬೇಕೆಂದೂ, ಮುಂದೆ ಹ್ಯಾಂಗ್ ಆಗುವ ಮನಸ್ಸಾದಾಗ ಹುಳು ಮನೆ ಖಾಲಿಯಿರುವ ವಾರ ನೋಡಿಕೊಂಡು, ಅತ್ತೆಯವರಿಂದ ಒಳ್ಳೆಯ ದಿನ ಕೇಳಿಕೊಂಡು ಆಗಬೇಕೆಂದೂ ಪ್ರಾರ್ಥನೆ.

ಆಕಳಿಕೆಗಳೊಂದಿಗೆ,
ತಮ್ಮ ವಿಶ್ವಾಸಿ,
ಸೌಜನ್ಯ

ತಾಜಾ ಕಲಂ: ಈಗಷ್ಟೇ ಮಗನನ್ನೆತ್ತಿಕೊಂಡು ಹುಳು ಮನೆಯ ಕಿಟಕಿಯ ಹೊರಗೆ ನಿಂತು ತಮ್ಮನ್ನು ಬೈಯುತ್ತಿದ್ದೆ. ಒಳಗೆ ಸಾವಿರಾರು ಹುಳು ಸೊಪ್ಪು ಮೇಯುವ ಸರಸರ ಸದ್ದು. ನೋಡಿದರೆ ಮಗ ಮಲಗಿಬಿಟ್ಟಿದ್ದ. ರೆಕಾರ್ಡಿಂಗಿನಲ್ಲಿ ಹಾಡಿನ ಹಿಂದೆ ಇದ್ದದ್ದೂ ಇದೇ ಸದ್ದು. ಶುಕ್ರವಾರ ಇವು ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆ ಏರಿದರೆ ಮೇಯುವುದು ನಿಲ್ಲುತ್ತದೆ. ಆಮೇಲೆ ಆ ಸದ್ದು ಉಳಿಯುವುದು ತಮ್ಮೊಬ್ಬರ ಹೊಟ್ಟೆಯಲ್ಲೇ. ಅಂದು ಕೈ ತೊಳೆದುಕೊಂಡು ಬಂದು ನಾನೇ ಎಬ್ಬಿಸುತ್ತೇನೆ. ಎದ್ದ ಮೇಲೆ ಅತ್ತೆಯವರಿಗೆ ಮಾತ್ರ ಇದನ್ನು ಹೇಳಬೇಡಿ. ಸುಮ್ಮನಿರುವ ವಿದ್ಯೆ ತಮಗೆ ಚೆನ್ನಾಗಿಯೇ ಬರುತ್ತದಲ್ಲ.